ಚಕ್ರದ ಕಮಾನಿಗೆ ಪಟ್ಟಿ, ಹಿಂದೆ ಮಡ್‌ಫ್ಲಾಪ್: ಮನೆಯಲ್ಲೇ ಕೂರಿಸಿದ ಬಗೆ

ಕಾರಿನ ಹಿಂದಿನ ಬಾಗಿಲಿನ ಕೆಳಮೂಲೆಯಲ್ಲಿ, ಚಕ್ರದ ಕಮಾನು ಶುರುವಾಗುವ ಜಾಗಕ್ಕೆ ಬೆರಳಾಡಿಸಿ ನೋಡಿ. ಮಂಡ್ಯ ಸೀಮೆಯಲ್ಲಿ ಎರಡು ಮೂರು ವರ್ಷ ಓಡಿದ ಗಾಡಿಯಾದರೆ ಉಪ್ಪುಕಾಗದ ಮುಟ್ಟಿದ ಹಾಗಿರುತ್ತದೆ. ಮುಂದಿನ ಚಕ್ರ ಎಸೆದ ಜಲ್ಲಿಚೂರು ಬಂದು ಬಡಿಯುವುದು ಅಲ್ಲಿಗೇ. ನಾಟಿ ಕಾಲದಲ್ಲಿ ಕೇಜ್ ವ್ಹೀಲ್ (ಕೆಸರುಗದ್ದೆಯ ಕಬ್ಬಿಣದ ಪಂಜರ ಚಕ್ರ) ಹಾಕಿದ ಟ್ರ್ಯಾಕ್ಟರು ಗದ್ದೆಯಿಂದ ನೇರ ಡಾಂಬರಿಗೆ ಹತ್ತಿ ಕೆಸರಿನ ಹೆಂಟೆ ಉದುರಿಸುತ್ತಾ ಹೋಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಟ್ರೈಲರ್‌ಗಳ ಸರದಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ರಸ್ತೆಯಲ್ಲಿ ಕೆಮ್ಮಣ್ಣು, ಬೆಂಗಳೂರು–ಮೈಸೂರಿನ 275ರ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಬಿಡಿ ಜಲ್ಲಿ. ಕಲ್ಲು ಬಣ್ಣ ಕೀಳುತ್ತದೆ, ಕೆಸರು ಆ ಗಾಯವನ್ನು ಒದ್ದೆಯಾಗಿಟ್ಟಿರುತ್ತದೆ. ತುಕ್ಕಿಗೆ ಬೇಕಾದ್ದು ಅಷ್ಟೇ.

ಮಡ್‌ಫ್ಲಾಪು ಬೇಕೇ ಬೇಕು. ಕಮಾನಿನ ಅಂಚಿಗೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಒಳ್ಳೆಯದು, ಆದರೆ ಕೆಟ್ಟದಾಗಿ ಕೂರಿಸಿದ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ವಾಸಿ. ಅದಕ್ಕೆ ಕಾರಣ ಕಮಾನಿನ ಅಂಚಿನಲ್ಲಿದೆ. ಹಿಂದಿನ ಚಕ್ರದ ಮೇಲೆ ಹೊರಗಿನ ತಗಡು ಒಳಕ್ಕೆ ಮಡಿಸಿಕೊಂಡು, ಒಳಗಿನ ತಗಡಿನ ಜೊತೆ ಸ್ಪಾಟ್ ವೆಲ್ಡ್ ಆಗಿರುತ್ತದೆ. ಎರಡರ ನಡುವೆ ಕೂದಲೆಳೆಯ ಸಂದಿ. ಕಾರ್ಖಾನೆಯಲ್ಲಿ ಅದಕ್ಕೆ ಸೀಲರ್ ಬಳಿದಿರುತ್ತಾರೆ. ಪಟ್ಟಿ ಹಾಕುವಾಗ ಆ ಅಂಚಿಗೆ ಸ್ಕ್ರೂ ಹೊಡೆದರೆ ಸೀಲರ್ ಒಡೆದು, ತೂತಿನ ಸುತ್ತ ಬಣ್ಣ ಹೋಗಿ, ನೀರು ಎರಡು ತಗಡಿನ ನಡುವೆ ಸೇರುತ್ತದೆ. ಪಟ್ಟಿ ಮುಚ್ಚಿರುವುದರಿಂದ ಅದು ಕಣ್ಣಿಗೆ ಬೀಳುವುದೂ ಇಲ್ಲ. ಬಣ್ಣ ಉಬ್ಬಿ ಹೊರಗೆ ಕಾಣುವ ಹೊತ್ತಿಗೆ ಕೆಲಸ ಟಿಂಕರಿಂಗ್ ಅಂಗಡಿಗೆ ಹೋಗಿರುತ್ತದೆ. ಹಾಗಾಗಿ ನಾನು ಇಟ್ಟುಕೊಂಡ ಕಟ್ಟುಪಾಡು ಇಷ್ಟು: ಕಂಪನಿಯವರೇ ಬಿಟ್ಟ ತೂತಿದ್ದರೆ ಸ್ಕ್ರೂ, ಇಲ್ಲದಿದ್ದರೆ ಟೇಪು. ತಗಡಿಗೆ ಹೊಸ ತೂತು ಇಲ್ಲ. ಕಿಟ್‌ನಲ್ಲಿ ಬಂದ ಸಣ್ಣ ಸ್ಕ್ರೂಗಳ ಪೊಟ್ಟಣವನ್ನು ಬಿಚ್ಚದೆ ಹಾಗೇ ಡಬ್ಬಿಗೆ ಹಾಕಿದೆ.

ಪಟ್ಟಿ ಕೊಳ್ಳುವಾಗ ಅಂಗಡಿಯಲ್ಲೇ ತಿರುಗಿಸಿ ಹಿಂಬದಿ ನೋಡಿ. ಅಚ್ಚಿನಲ್ಲೇ ಎರಡು ಬಾಣದ ಗುರುತಿನ ನಡುವೆ ಪ್ಲಾಸ್ಟಿಕ್ಕಿನ ಜಾತಿ ಹೇಳುವ ಸಣ್ಣ ಅಕ್ಷರ ಮೂಡಿರುತ್ತದೆ: ಎಬಿಎಸ್ ಅಥವಾ ಪಿಪಿ (ಪಾಲಿಪ್ರೊಪಿಲೀನ್). ಎಬಿಎಸ್‌ಗೆ ಡಬಲ್ ಸೈಡ್ ಟೇಪು ಸುಲಭವಾಗಿ ಹಿಡಿಯುತ್ತದೆ. ಪಿಪಿ ಮೇಣದಂಥ ಪ್ಲಾಸ್ಟಿಕ್, ಅದರ ಮೇಲೆ ಯಾವ ಅಂಟೂ ಸರಿಯಾಗಿ ಹರಡಿ ಕೂರುವುದಿಲ್ಲ, ಟೇಪಿಗೆ ಮುಂಚೆ ಬಳಿಯುವ ಅಂಟಿನ ಪ್ರೈಮರ್ ಬೇಕೇ ಬೇಕು. ಮುರಿಯದೆ ಬಾಗುವುದು, ಕಲ್ಲಿನ ಪೆಟ್ಟು ತಿನ್ನುವುದು ಇವುಗಳಲ್ಲಿ ಪಿಪಿಯೇ ಮೇಲು, ಕಂಪನಿ ಕಾರುಗಳಲ್ಲಿ ಹೆಚ್ಚಾಗಿ ಬರುವುದೂ ಅದೇ. ಗುರುತೇ ಇಲ್ಲದ ಪಟ್ಟಿ ನಾನು ಕೊಳ್ಳುವುದಿಲ್ಲ. ಮೀಟರ್ ಲೆಕ್ಕದಲ್ಲಿ ಸುರುಳಿಯಾಗಿ ಸಿಗುವ ರಬ್ಬರ್ ಪಟ್ಟಿಯೂ ಇದೆ. ಅದು ಯಾವ ಗಾಡಿಗಾದರೂ ಬಾಗುತ್ತದೆ ನಿಜ, ಆದರೆ ಬಾಗಿಸಿ ಅಂಟಿಸಿದ್ದು ಮತ್ತೆ ನೆಟ್ಟಗಾಗಲು ದಿನವೂ ಎಳೆಯುತ್ತಿರುತ್ತದೆ. ಆರು ತಿಂಗಳಿಗೆ ತುದಿ ಬಾಯಿ ಬಿಡುತ್ತದೆ. ಗಾಡಿಯ ಮಾಡೆಲ್‌ಗೇ ಅಚ್ಚು ಹಾಕಿದ ಗಟ್ಟಿ ಪಟ್ಟಿ ಆರಿಸಿ.

ನನಗೆ ಖರ್ಚಾದ ಸಾಮಾನು: ಪಟ್ಟಿ ನಾಲ್ಕು ಕಮಾನಿಗೆ ಒಂದು ಸೆಟ್, ಫ್ಲಾಪ್ ನಾಲ್ಕು, 10 ಮಿ.ಮೀ. ಅಗಲದ ಅಕ್ರಿಲಿಕ್ ಫೋಮ್ ಟೇಪು 10 ಮೀಟರ್, ಪ್ರೈಮರ್ ಒಂದು ಸಣ್ಣ ಬಾಟಲಿ, ಒರೆಸಲು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) 250 ಮಿ.ಲೀ., ಮಾಸ್ಕಿಂಗ್ ಟೇಪು, ಫೆಂಡರ್ ಲೈನರ್ (ಕಮಾನಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಕ್ಲಿಪ್ಪು 10, ಸ್ಟೀಲ್ ಸ್ಕ್ರೂ 12, ಅದಕ್ಕೆ ತಕ್ಕ ಕ್ಲಿಪ್ ನಟ್ಟು. ಐಪಿಎಗೆ ಹಾರ್ಡ್‌ವೇರ್ ಅಂಗಡಿ ಸುತ್ತಬೇಡಿ, ಮೊಬೈಲ್ ರಿಪೇರಿಯವರ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸೀಮೆಎಣ್ಣೆ, ಪೆಟ್ರೋಲು ಇದಕ್ಕೆ ಬದಲಲ್ಲ, ಎರಡೂ ಎಣ್ಣೆಯ ಪೊರೆ ಬಿಡುತ್ತವೆ. ಥಿನ್ನರ್ ಅಂತೂ ಬಣ್ಣವನ್ನೇ ತಿನ್ನುತ್ತದೆ. ಕಿಟ್ ಜೊತೆ ಪಟ್ಟಿಗೆ ಮೊದಲೇ ಅಂಟಿಸಿ ಬರುವ ಬಿಳಿ ಸ್ಪಂಜಿನ ಟೇಪನ್ನು ನಂಬಬೇಡಿ. ಉಗುರಲ್ಲಿ ಚಿವುಟಿದರೆ ಪುಡಿಯಾಗುವಂಥದ್ದಾದರೆ ಕಿತ್ತು ಹಾಕಿ, ಒಳ್ಳೆಯ ಟೇಪು ಹಚ್ಚಿ.

ಈಗ ಯಾರೂ ಹೇಳದ ಒಂದು ತೊಡಕು. ಪಟ್ಟಿ ಮಾಡಿದವನು ಒಬ್ಬ, ಫ್ಲಾಪ್ ಮಾಡಿದವನು ಇನ್ನೊಬ್ಬ. ಫ್ಲಾಪಿನ ಅಚ್ಚು ಬೋಳು ಕಮಾನಿನ ಅಳತೆಗೆ ಇರುತ್ತದೆ. ಕಮಾನಿಗೆ ಪಟ್ಟಿ ಏರಿದ ಮೇಲೆ ಫ್ಲಾಪು ಅದರ ಮೇಲೆ ಕೂತು 4–5 ಮಿ.ಮೀ. ಹೊರಗೆ ನಿಲ್ಲುತ್ತದೆ, ಸ್ಕ್ರೂ ತೂತು ತಪ್ಪುತ್ತದೆ. ಅದಕ್ಕೇ ಯಾವುದನ್ನೂ ಅಂಟಿಸುವ ಮುಂಚೆ ಎರಡನ್ನೂ ಒಣದಾಗಿ ಹಿಡಿದು ನೋಡಬೇಕು. ಮೊದಲು ಫ್ಲಾಪನ್ನು ಅದರ ತೂತಿಗೆ ಎರಡು ಸ್ಕ್ರೂ ಹಾಕಿ ಸಡಿಲವಾಗಿ ನಿಲ್ಲಿಸಿ. ಪಟ್ಟಿಯನ್ನು ಮಾಸ್ಕಿಂಗ್ ಟೇಪಿನಿಂದ ಕಮಾನಿಗೆ ಕಟ್ಟಿ. ಎರಡೂ ಎಲ್ಲಿ ಸೇರುತ್ತವೋ ಅಲ್ಲಿ ಪಟ್ಟಿಯ ಮೇಲೆ ಗೆರೆ ಎಳೆದು, ಫ್ಲಾಪಿನ ಮೇಲಂಚಿಗಿಂತ 3 ಮಿ.ಮೀ. ಮೇಲಕ್ಕೆ ಪಟ್ಟಿಯನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಉಪ್ಪುಕಾಗದದಲ್ಲಿ ಅಂಚು ನಯ ಮಾಡಿ. ಕತ್ತರಿಸಬೇಕಾದ್ದು ಪಟ್ಟಿಯನ್ನು, ಫ್ಲಾಪನ್ನಲ್ಲ. ಆ 3 ಮಿ.ಮೀ. ಸಂದು ಬೇಕೆಂದೇ ಬಿಟ್ಟದ್ದು, ಒಳಗೆ ಸೇರಿದ ನೀರು ಇಳಿಯಲು ಅದೇ ದಾರಿ.

ತೊಳೆಯುವ ಕೆಲಸಕ್ಕೆ ಅರ್ಧ ದಿನ ಇಡಿ. ವಾಟರ್ ಸರ್ವಿಸ್ ಮಾಡಿಸಿದರೂ ಮಡಿಕೆಯ ಒಳಗಿನ ಮಣ್ಣು ಹೋಗಿರುವುದಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎದುರು ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಚಕ್ರ ಬಿಚ್ಚಿ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೇ ಮಲಗಿಸಿ, ಜಾಕ್ ಜಾರಿದರೆ ಕಾಲಾದರೂ ಉಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮಡಿಕೆ ಉಜ್ಜಿ. ಡಾಂಬರಿನ ಚುಕ್ಕೆಗಳಿಗೆ ಮೊದಲು ಸೀಮೆಎಣ್ಣೆ, ಆಮೇಲೆ ಶಾಂಪೂ ನೀರು, ಒಣಗಿದ ಮೇಲೆ ಕೊನೆಗೆ ಐಪಿಎ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೆ ಏನೂ ಅಂಟದಿದ್ದರೆ ಸರಿ. ಪಾಲಿಶ್ ಹೊಡೆಸಿದ ಗಾಡಿಯಾದರೆ ಮೂರು ಸಲ ಒರೆಸಬೇಕಾಗುತ್ತದೆ. ಆಗಲೇ ತುಕ್ಕಿನ ಚುಕ್ಕೆ ಕಂಡರೆ ಕೆರೆದು, ಜಿಂಕ್ ಪ್ರೈಮರ್ ಮತ್ತು ಟಚ್ ಅಪ್ ಬಣ್ಣ ಹಚ್ಚಿ, ಆ ವಾರ ಪಟ್ಟಿ ಮರೆತುಬಿಡಿ. ಹಸಿ ಬಣ್ಣದ ಮೇಲೆ ಟೇಪು ಹಾಕಿದರೆ ಟೇಪಿನ ಜೊತೆ ಬಣ್ಣವೂ ಬರುತ್ತದೆ.

ಹವೆಯ ಮಾತು. ಈ ಟೇಪು ಚೆನ್ನಾಗಿ ಹಿಡಿಯುವುದು 21ರಿಂದ 38 ಡಿಗ್ರಿಯೊಳಗೆ. ಮೈಸೂರಿನಲ್ಲಿ ಡಿಸೆಂಬರ್ ಬೆಳಗಿನ ಏಳು ಗಂಟೆಗೆ ತಗಡು ಅದಕ್ಕಿಂತ ತಣ್ಣಗಿರುತ್ತದೆ, ಇಬ್ಬನಿಯೂ ಕೂತಿರುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ತಗಡು ಮುಟ್ಟಲಾಗದು, ಟೇಪು ತಾಕಿದ ಕ್ಷಣವೇ ಕಚ್ಚಿಕೊಂಡು ಸರಿಪಡಿಸಲು ಬಿಡುವುದಿಲ್ಲ. ಹತ್ತರಿಂದ ಹನ್ನೆರಡು ಗಂಟೆಯೊಳಗೆ, ನೆರಳಲ್ಲಿ, ಮಳೆ ಮುಗಿಲಿಲ್ಲದ ದಿನ ನೋಡಿಕೊಳ್ಳಿ. ಸೆಪ್ಟೆಂಬರ್–ಅಕ್ಟೋಬರಿನ ಮಳೆ ಶುರುವಾಗುವ ಮುಂಚೆ ಮುಗಿಸಿದರೆ ಒಳ್ಳೆಯದು.

ಪಟ್ಟಿಯ ಹಿಂಬದಿ, ಟೇಪು ಬರುವ ಗೆರೆಯಷ್ಟಕ್ಕೇ ಪ್ರೈಮರನ್ನು ತೆಳ್ಳಗೆ ಒಂದು ಕೈ ಎಳೆದು ಐದು ನಿಮಿಷ ಬಿಡಿ. ಬಣ್ಣದ ಮೇಲೆ ಚೆಲ್ಲಿದರೆ ಕಲೆ ನಿಲ್ಲುತ್ತದೆ, ಸುತ್ತ ಮಾಸ್ಕಿಂಗ್ ಟೇಪು ಇರಲಿ. ಆಮೇಲೆ ಫೋಮ್ ಟೇಪು. ಅದರ ಕೆಂಪು ಪೊರೆಯನ್ನು ಒಮ್ಮೆಗೇ ಕಿತ್ತರೆ ಕೆಟ್ಟಿರಿ. ಪಟ್ಟಿಯ ನಡುವೆ, ಕಮಾನಿನ ನೆತ್ತಿಗೆ ಬರುವ ಜಾಗದಲ್ಲಿ ಪೊರೆಯನ್ನು ಮಾತ್ರ ಕತ್ತರಿಸಿ, ಎರಡೂ ಕಡೆಗೆ 5 ಸೆಂ.ಮೀ. ಬಿಡಿಸಿ, ಆ ಬಾಲಗಳನ್ನು ಹೊರಗೆ ಮಡಿಸಿ. ಪಟ್ಟಿಯನ್ನು ಗುರುತಿಗೆ ಸರಿಯಾಗಿ ಇಟ್ಟು ನೆತ್ತಿಯ ಜಾಗ ಒತ್ತಿ. ಈಗ ಒಂದು ಬಾಲವನ್ನು ನಿಧಾನವಾಗಿ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಒತ್ತುತ್ತಾ ಕೆಳಗಿಳಿಯಿರಿ. ಪಟ್ಟಿಯನ್ನು ಮಾತ್ರ ಎಳೆಯಬೇಡಿ. ಎಳೆದು ಅಂಟಿಸಿದ ಪಟ್ಟಿ ಕುಗ್ಗಲು ನೋಡುತ್ತದೆ, ಮೊದಲು ಬಿಡುವುದು ತುದಿ. ಪೂರ್ತಿ ಕೂತ ಮೇಲೆ ಬೆರಳಗಲಕ್ಕೊಮ್ಮೆ ಹೆಬ್ಬೆಟ್ಟಿನಲ್ಲಿ ಹತ್ತು ಸೆಕೆಂಡು ಗಟ್ಟಿಯಾಗಿ ಒತ್ತಿ. ಇದು ಒತ್ತಡದಿಂದ ಹಿಡಿಯುವ ಅಂಟು, ಒತ್ತದೆ ಬಿಟ್ಟ ಕಡೆ ಹಿಡಿಯುವುದಿಲ್ಲ. ನಾಲ್ಕು ಕಮಾನು ಮುಗಿಯುವಾಗ ಹೆಬ್ಬೆಟ್ಟು ನೋಯುತ್ತಿದ್ದರೆ ಕೆಲಸ ಸರಿಯಾಗಿದೆ ಎಂದೇ ಅರ್ಥ.

ಹಿಂದಿನ ಬಾಗಿಲಿನ ಮೇಲೆ ಬರುವ ತುಂಡಿಗೆ ಒಂದು ಜಾಗ್ರತೆ. ಬಾಗಿಲು ತೆರೆಯುವ ಗೆರೆಯ ಮೇಲೆ ಪಟ್ಟಿ ಹಾಯ್ದಿರಬಾರದು. ಅಲ್ಲಿ ಎರಡು ತುಂಡು, ನಡುವೆ ಬಾಗಿಲಿನ ಸಂದಿನಷ್ಟೇ ಅಂತರ. ಅಂಟಿಸುವ ಮುಂಚೆ ಹತ್ತು ಸಲ ಬಾಗಿಲು ಹಾಕಿ ತೆಗೆದು ನೋಡಿ.

ಅಂಟು 20 ನಿಮಿಷಕ್ಕೆ ಅರ್ಧ ಬಲ ಪಡೆದರೂ ಪೂರ್ತಿ ಬಲಕ್ಕೆ 72 ಗಂಟೆ ಬೇಕು. ಒಂದು ದಿನ ಗಾಡಿ ತೆಗೆಯಬೇಡಿ, ಮೂರು ದಿನ ನೀರು ಸೋಕಿಸಬೇಡಿ. ಸಂದಿಗೆ ಸುತ್ತಲೂ ಸಿಲಿಕೋನ್ ತುಂಬುವವರಿದ್ದಾರೆ. ಮೇಲಂಚಿಗೆ ತೆಳ್ಳಗೆ ಒಂದು ಗೆರೆ ಸಾಕು, ಅದೂ ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನ್. ಹುಳಿ ವಾಸನೆಯದು ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣ ಕಿತ್ತ ತಗಡಿಗೆ ಅದೇ ತುಕ್ಕಿನ ಬೀಜ. ಕೆಳಗಿನ ಅಂಚು ತೆರೆದೇ ಇರಲಿ.

ನಾಲ್ಕನೆಯ ದಿನ ಫ್ಲಾಪ್. ಪಟ್ಟಿಯ ಮುಂದೆ ಇದು ಮಕ್ಕಳಾಟ. ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಚಕ್ರ ಬಿಚ್ಚದೆಯೂ ಕೈ ಹೋಗುತ್ತದೆ. ಲೈನರಿನ ಹಳೆಯ ಸ್ಕ್ರೂ, ಕ್ಲಿಪ್ಪು ತೆಗೆಯಿರಿ. ಕ್ಲಿಪ್ಪಿನ ನಡುವಿನ ಗುಬುಟನ್ನು ಮೊದಲು ಎಬ್ಬಿಸಿ, ಆಮೇಲೆ ಇಡಿಯಾಗಿ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪಟ್ಟನೆ ಮುರಿಯುತ್ತದೆ, ಹತ್ತು ಕ್ಲಿಪ್ಪು ತಂದದ್ದು ಅದಕ್ಕೇ. ಫ್ಲಾಪಿನ ಅಂಚು ಬಣ್ಣಕ್ಕೆ ತಾಗುವ ಕಡೆ 2 ಸೆಂ.ಮೀ. ಅಗಲದ ಪಾರದರ್ಶಕ ಪೇಂಟ್ ಫಿಲ್ಮ್ ಅಂಟಿಸಿ. ಅದಿಲ್ಲದಿದ್ದರೆ ನಡುವೆ ಸೇರಿದ ಮರಳು ಗಾಡಿ ಅದುರಿದಾಗಲೆಲ್ಲ ಉಜ್ಜಿ, ವರ್ಷದೊಳಗೆ ಫ್ಲಾಪಿನ ಆಕಾರಕ್ಕೇ ಬಣ್ಣ ಸವೆಸಿರುತ್ತದೆ. ಸ್ಪಂಜು ಹಾಕಬೇಡಿ, ನೀರು ಹಿಡಿದುಕೊಳ್ಳುತ್ತದೆ. ಎಲ್ಲ ಸ್ಕ್ರೂ ಸಡಿಲವಾಗಿ ಹಾಕಿ, ಫ್ಲಾಪನ್ನು ನೆಟ್ಟಗೆ ಹಿಡಿದು, ಆಮೇಲೆ ಒಂದೊಂದಾಗಿ ಬಿಗಿಯಿರಿ. ಪ್ಲಾಸ್ಟಿಕ್ ಕುಗ್ಗಲು ಶುರುವಾದರೆ ನಿಲ್ಲಿಸಿ. ಬ್ಯಾಟರಿ ಡ್ರಿಲ್ಲಿನಲ್ಲಿ ಬಿಗಿದವರ ಕ್ಲಿಪ್ ನಟ್ಟು ಒಳಗೇ ಸುತ್ತಿ ಕೂತಿರುತ್ತದೆ.

ಹಿಂದಿನ ಚಕ್ರದಲ್ಲಿ ಚಕ್ರ ಬಿಚ್ಚದೆ ಆಗದು. ಸಣ್ಣ ಗಾಡಿಗಳಲ್ಲಿ ಹಿಂದೆ ಲೈನರ್ ಇರುವುದು ಕಡಿಮೆ, ಬಂಪರಿನ ಅಂಚಿನ ತೂತೇ ಗತಿ. ಕೆಲವು ಕಿಟ್‌ಗಳ ಚೀಟಿಯಲ್ಲಿ ಮೂರನೆಯ ತೂತು ಕೊರೆಯಲು ಹೇಳಿರುತ್ತದೆ. ಒಂದು ಪಕ್ಕ ಇಂಧನ ತುಂಬುವ ಕೊಳವೆ, ಎರಡೂ ಪಕ್ಕ ಬ್ರೇಕಿನ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಪ್ಲಾಸ್ಟಿಕ್ ಅಲ್ಲ) ಸೆನ್ಸರ್ ವೈರು, ಬ್ರೇಕ್ ಹೋಸ್ ಇರುವ ಜಾಗ ಅದು. ಕುರುಡಾಗಿ ಡ್ರಿಲ್ ಇಡುವ ಜಾಗವಲ್ಲ. ಎರಡು ಸ್ಕ್ರೂ ಮತ್ತು ಮೇಲೆ ಒಂದು ತುಂಡು ಫೋಮ್ ಟೇಪಿನಲ್ಲೇ ನಮ್ಮದು ನಿಂತಿದೆ.

ಅಳತೆ ನೋಡುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. ಜಾಕ್ ಮೇಲೆ ಎತ್ತಿದ ಗಾಡಿಯಲ್ಲಿ ಸಸ್ಪೆನ್ಷನ್ ಜೋತು ಬಿದ್ದಿರುತ್ತದೆ, ಟೈರಿಗೂ ಫ್ಲಾಪಿಗೂ ಇರುವ ಅಂತರ ಅಲ್ಲಿ ಕಾಣುವುದು ಸುಳ್ಳು. ಚಕ್ರ ನೆಲಕ್ಕಿಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಗಾಡಿಯನ್ನು ನಾಲ್ಕು ಮಾರು ಮುಂದೆ ಹಿಂದೆ ಓಡಿಸಿ. ಆಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿನಿಂದ ಕನಿಷ್ಠ ಎರಡು ಬೆರಳು ಅಂತರ ನೋಡಿ. ಹಿಂದಿನ ಫ್ಲಾಪಿನ ಅಳತೆಗೆ ಜನ ಕೂರಿಸುವ ಬದಲು ಡಿಕ್ಕಿಯಲ್ಲಿ 25 ಕೆ.ಜಿ.ಯ ನಾಲ್ಕು ಮೂಟೆ ಅಕ್ಕಿ ಇಟ್ಟೆ. ಖಾಲಿ ಗಾಡಿಯಲ್ಲಿ ನೆಲದಿಂದ 14 ಸೆಂ.ಮೀ. ಎತ್ತರವಿದ್ದ ಫ್ಲಾಪಿನ ತುದಿ 10ಕ್ಕೆ ಇಳಿಯಿತು. ಅದಕ್ಕಿಂತ ಕಡಿಮೆಯಾದರೆ ನಮ್ಮ ಹಳ್ಳಿ ಹಂಪ್‌ಗಳಿಗೆ ತಾಗುತ್ತದೆ, ಕೆಳಗಿನಿಂದ ಅಷ್ಟು ಕತ್ತರಿಸಿ. ಹಂಪಿಗಿಂತ ಕೆಟ್ಟದ್ದು ಹಿಂದಕ್ಕೆ ತೆಗೆಯುವಾಗ ಸಿಗುವ ಚರಂಡಿಯ ಚಪ್ಪಡಿ. ಮುಂದಿನ ಫ್ಲಾಪು ಅದಕ್ಕೆ ಸಿಕ್ಕಿ ಟೈರಿನ ಅಡಿಗೆ ಸೇರಿದರೆ ಲೈನರ್ ಸಮೇತ ಕಿತ್ತು ಬರುತ್ತದೆ.

500 ಕಿ.ಮೀ. ಆದ ಮೇಲೆ ಸ್ಕ್ರೂಗಳನ್ನು ಒಮ್ಮೆ ಕೈಯಲ್ಲಿ ಬಿಗಿದು ನೋಡಿ. ವಾಟರ್ ಸರ್ವಿಸಿನವರಿಗೆ ಜೆಟ್ಟನ್ನು ಪಟ್ಟಿಯ ಅಂಚಿಗೆ ನೇರ ಹಿಡಿಯದಿರಲು ಹೇಳಿ, ಒಂದಡಿ ದೂರ ಇರಲಿ. ತುದಿ ಬಾಯಿ ಬಿಟ್ಟರೆ ಹಳೆಯ ಟೇಪಿನ ಮೇಲೆ ಫೆವಿಕ್ವಿಕ್ ಸುರಿಯಬೇಡಿ, ಅದು ಗಾಜಿನಂತೆ ಗಟ್ಟಿಯಾಗಿ ಗಾಡಿ ಅದುರಿದಾಗ ಬಿರಿಯುತ್ತದೆ. ಹಲ್ಲುಸಂದಿ ತೆಗೆಯುವ ದಾರ (ಡೆಂಟಲ್ ಫ್ಲಾಸ್) ತೂರಿಸಿ ಆ ಹತ್ತು ಸೆಂ.ಮೀ. ಟೇಪು ಕುಯ್ದು, ಒರೆಸಿ, ಹೊಸದು ಹಾಕಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಫ್ಲಾಪು ಬಿಚ್ಚಿ ಹಿಂದೆ ಕಟ್ಟಿದ ಮಣ್ಣನ್ನು ತೆಗೆಯಿರಿ, ಹಿಡಿಯಷ್ಟಾದರೂ ಸಿಗುತ್ತದೆ.

ಸುಗ್ಗಿಯಲ್ಲಿ ಇನ್ನೊಂದು. ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿಯ ಮೇಲೆ ಹಾಯ್ದು ಬಂದ ದಿನ ಮನೆ ಮುಟ್ಟುವವರೆಗೆ ಕಾಯಬೇಡಿ. ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡರೆ ಗಾಡಿಯೇ ಹೋಗುತ್ತದೆ. ಮುಂದೆ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ, ಫ್ಲಾಪಿನ ಹಿಂದೆಯೂ ಬಗ್ಗಿ ನೋಡಿ. ಕಿತ್ತ ಬಳ್ಳಿಯ ತುದಿ ಮೊದಲು ಕಾಣುವುದು ಅಲ್ಲೇ.