ಗ್ರಂಥಾಲಯದಲ್ಲಿ ಚಿತ್ರ ಹುಡುಕುವ ಬಗೆ, ಓದುವ ಬಗೆ

ಪ್ರಬಂಧಕ್ಕೊಂದು ಚಿತ್ರ ಬೇಕೆಂದ ಕೂಡಲೇ ಗೂಗಲ್‌ನಲ್ಲಿ ಹುಡುಕಿ, ಮೊದಲ ಸಾಲಿನಲ್ಲಿ ಸಿಕ್ಕಿದ್ದನ್ನು ಇಳಿಸಿಕೊಂಡು ಅಂಟಿಸಿಬಿಡುವ ವಿದ್ಯಾರ್ಥಿಗಳೇ ಹೆಚ್ಚು. ಹಾಗೆ ಸಿಕ್ಕ ಚಿತ್ರವನ್ನು ಯಾರು ತೆಗೆದರು, ಯಾವಾಗ, ಅಂಚು ಕತ್ತರಿಸಿದ್ದಾರೆಯೇ, ಏನಾದರೂ ತಿದ್ದಿದ್ದಾರೆಯೇ, ಒಂದೂ ತಿಳಿಯದು. ಗ್ರಂಥಾಲಯದ ಸಂಗ್ರಹದಲ್ಲಿ ಸಿಗುವ ಚಿತ್ರದ ಜೊತೆಗೆ ಅದರ ದಾಖಲೆಯೂ ಸಿಗುತ್ತದೆ. ದಾಖಲೆಯಿಲ್ಲದ ಚಿತ್ರ ಅಲಂಕಾರಕ್ಕಾದೀತು, ಆಧಾರಕ್ಕಾಗದು.

ಇಡೀ ಕ್ರಮವನ್ನು ಒಂದೇ ಚಿತ್ರ ಹಿಡಿದು ನೋಡೋಣ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿ-ಮಕ್ಕಳ ಫೋಟೊ. ‘ಮೈಗ್ರಂಟ್ ಮದರ್’ (ವಲಸೆ ತಾಯಿ) ಎಂದೇ ಅದು ಪ್ರಸಿದ್ಧ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ: ಚಿತ್ರದಲ್ಲಿ ಏನಿದೆ (ತಾಯಿ, ಮಗು, ಗುಡಾರ), ಅದು ಯಾವ ಬಗೆಯ ವಸ್ತು (ಫೋಟೊ, ನಕ್ಷೆ, ಭಿತ್ತಿಪತ್ರ, ರೇಖಾಚಿತ್ರ), ಯಾರು, ಎಲ್ಲಿ, ಯಾವ ಕಾಲ. ಈ ಶ್ರಮ ಏಕೆಂದರೆ, ಗ್ರಂಥಾಲಯದ ಕ್ಯಾಟಲಾಗ್, ಅಂದರೆ ಸೂಚಿ, ಚಿತ್ರವನ್ನು ನೋಡಿ ಹುಡುಕುವುದಿಲ್ಲ. ಸೂಚಿ ತಯಾರಿಸಿದವರು ಬರೆದಿಟ್ಟ ಪದಗಳಲ್ಲಿ ಹುಡುಕುತ್ತದೆ. ‘ಬಡತನದ ನೋವು’ ಎಂದು ಹುಡುಕಿದರೆ ಬರಿಗೈ. ‘ವಲಸೆ ಕಾರ್ಮಿಕರು’, ‘ತಾಯಂದಿರು’ ಎಂದರೆ ಫಲವಿದೆ. ಪ್ರಸಿದ್ಧ ಹೆಸರನ್ನೂ ಪೂರ್ತಿ ನಂಬಬೇಡಿ. ಲ್ಯಾಂಗ್ ಚಿತ್ರ ಇರುವ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅದರ ಶೀರ್ಷಿಕೆ ‘ಕ್ಯಾಲಿಫೋರ್ನಿಯಾದ ನಿರ್ಗತಿಕ ಬಟಾಣಿ ಕೂಲಿಗಳು. ಏಳು ಮಕ್ಕಳ ತಾಯಿ’ ಎಂಬರ್ಥದಲ್ಲಿ ಶುರುವಾಗುತ್ತದೆ.

ಬಹುತೇಕ ಅಂತರರಾಷ್ಟ್ರೀಯ ಡೇಟಾಬೇಸ್‌ಗಳ ವಿವರ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಪದಪಟ್ಟಿಯ ಪಕ್ಕದಲ್ಲೇ ಇಂಗ್ಲಿಷ್ ಪದವನ್ನೂ ಬರೆದುಕೊಳ್ಳಿ. ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತ ಎರಡೂ ಇರಲಿ.

ಹುಡುಕಾಟ

ಜೋಡಿ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅವು ಅದೇ ಕ್ರಮದಲ್ಲಿರುವ ದಾಖಲೆಗಳು ಮಾತ್ರ ಬರುತ್ತವೆ. ಪದಗಳ ನಡುವೆ ಹಾಕುವ ಆಂಡ್ (AND) ಫಲಿತಾಂಶವನ್ನು ಕಿರಿದು ಮಾಡುತ್ತದೆ, ಆರ್ (OR) ಹಿಗ್ಗಿಸುತ್ತದೆ, ನಾಟ್ (NOT) ಬೇಡದ್ದನ್ನು ತೆಗೆಯುತ್ತದೆ. ಇವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಟೈಪ್ ಮಾಡಿ, ಹಲವು ಡೇಟಾಬೇಸ್‌ಗಳು ಸಣ್ಣಕ್ಷರದವನ್ನು ಗಣಿಸುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಬುಡದಿಂದ ಹುಟ್ಟಿದ ಎಲ್ಲ ರೂಪಗಳೂ ಬರುತ್ತವೆ. ಬುಡ ತೀರ ಚಿಕ್ಕದಾದರೆ ಮಾತ್ರ ಕೆಲಸ ಕೆಡುತ್ತದೆ: ಆರ್ಟ್ (art) ಎಂದು ಬರೆದು ನಕ್ಷತ್ರ ಹಾಕಿದವರಿಗೆ ಕಲೆಯ ಜೊತೆ ಆರ್ಟರಿ, ಆರ್ತ್ರೈಟಿಸ್, ಆರ್ಟಿಕಲ್ ಎಲ್ಲವೂ ಬಂದು ಬೀಳುತ್ತವೆ.

ಒಂದೇ ಒಂದು ಸರಿಯಾದ ದಾಖಲೆ ಸಿಕ್ಕಿತೆನ್ನಿ, ಅಲ್ಲೇ ನಿಲ್ಲಿ. ಅದರ ‘ವಿಷಯ’ ಸಾಲಿನಲ್ಲಿರುವ ಪದಗಳನ್ನು ಕ್ಲಿಕ್ಕಿಸಿ. ಇನ್ನೂ ಹತ್ತು ಸಲ ಹೊಸದಾಗಿ ಹುಡುಕುವುದಕ್ಕಿಂತ ಇದು ಲೇಸು, ಏಕೆಂದರೆ ಸೂಚಿಕಾರರ ಭಾಷೆ ಈಗ ನಿಮ್ಮ ಕೈಗೆ ಸಿಕ್ಕಿದೆ.

ಕಪಾಟಿನ ಕಡೆಗೂ ಹೋಗಬೇಕು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕಲೆಗಳು 700ರಲ್ಲಿ, ಛಾಯಾಗ್ರಹಣ 770ರಲ್ಲಿ. ಚಿತ್ರಪುಸ್ತಕಗಳು ಎತ್ತರವಾಗಿರುವುದರಿಂದ ಅನೇಕ ಗ್ರಂಥಾಲಯಗಳು ಅವನ್ನು ಬೇರೆ ಕಪಾಟಿನಲ್ಲಿಡುತ್ತವೆ. ಕ್ಯಾಟಲಾಗ್‌ನಲ್ಲಿ ಸಂಖ್ಯೆಯ ಜೊತೆ ‘ಫೋಲಿಯೊ’ ಅಥವಾ ‘ಓವರ್‌ಸೈಜ್’ ಎಂದಿರುವುದನ್ನು ಗಮನಿಸದೆ ಪುಸ್ತಕವೇ ಇಲ್ಲವೆಂದು ಮರಳುವವರಿದ್ದಾರೆ.

ಆನ್‌ಲೈನ್‌ನಲ್ಲಿ ಕಲಾಚಿತ್ರಗಳ ಡೇಟಾಬೇಸ್ ಆರ್ಟ್‌ಸ್ಟೋರ್ ಹುಡುಕುವವರು ಗಮನಿಸಿ: ಆ ತಾಣ 2024ರ ಆಗಸ್ಟ್‌ನಲ್ಲಿ ಮುಚ್ಚಿದೆ, ಚಿತ್ರಗಳೆಲ್ಲ ಈಗ ವಿದ್ವತ್ ಪತ್ರಿಕೆಗಳ ಡೇಟಾಬೇಸ್ ಜೆಸ್ಟೋರ್‌ನಲ್ಲಿವೆ. ಚಂದಾ ಬೇಡದ ಸಂಗ್ರಹಗಳೂ ಇವೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆ 2020ರಲ್ಲಿ ಲಕ್ಷಗಟ್ಟಲೆ ಚಿತ್ರಗಳನ್ನು ಮುಕ್ತವಾಗಿಸಿವೆ.

ಮನೆಯಿಂದ ಹುಡುಕುವಾಗ ಗ್ರಂಥಾಲಯ ಚಂದಾ ಕಟ್ಟಿದ ಡೇಟಾಬೇಸ್‌ಗೆ ನೇರವಾಗಿ ಹೋಗಬೇಡಿ. ಗ್ರಂಥಾಲಯದ ಜಾಲತಾಣದಲ್ಲಿ ಲಾಗಿನ್ ಆಗಿ ಅಲ್ಲಿಂದ ಹೋಗಿ. ಇಲ್ಲವಾದರೆ ನೀವು ಯಾವ ವಿಶ್ವವಿದ್ಯಾಲಯದವರೆಂದು ಅದಕ್ಕೆ ತಿಳಿಯದೆ ಹಣ ಕೇಳುತ್ತದೆ. ಬ್ರೌಸರ್‌ನ ವಿಳಾಸಪಟ್ಟಿಯಿಂದ ನಕಲಿಸಿದ ಲಿಂಕ್ ಮರುದಿನ ತೆರೆಯದೇ ಹೋಗಬಹುದು. ದಾಖಲೆಯಲ್ಲೇ ಕೊಟ್ಟಿರುವ ಸ್ಥಿರ ಲಿಂಕ್ ಬರೆದಿಟ್ಟುಕೊಳ್ಳಿ.

ಈಗ ಚಿತ್ರ ಓದುವುದು

ಲ್ಯಾಂಗ್ ಚಿತ್ರದ ಶೀರ್ಷಿಕೆ ಮುಚ್ಚಿ ಐದು ನಿಮಿಷ ಸುಮ್ಮನೆ ನೋಡಿ. ಐದು ನಿಮಿಷ ಬಹಳ ದೀರ್ಘ ಅನ್ನಿಸುತ್ತದೆ, ಆದರೂ ಬಿಡಬೇಡಿ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯಿರಿ. ‘ಕೈ ಗಲ್ಲದ ಬಳಿ ಇದೆ’ ಎಂಬುದು ಕಂಡದ್ದು; ‘ಚಿಂತೆಯಲ್ಲಿದ್ದಾಳೆ’ ಎಂಬುದು ಊಹೆ. ಎರಡು ಮಕ್ಕಳು ಕ್ಯಾಮೆರಾಕ್ಕೆ ಬೆನ್ನು ಮಾಡಿ ತಾಯಿಯ ಭುಜಕ್ಕೆ ಒರಗಿದ್ದಾರೆ, ಹಾಗಾಗಿ ನಮಗೆ ಎದ್ದು ಕಾಣುವ ಮುಖ ತಾಯಿಯದೊಂದೇ. ಚೌಕಟ್ಟು ನಮ್ಮ ಕಣ್ಣನ್ನು ಎಲ್ಲಿಗೆ ಕರೆದೊಯ್ಯುತ್ತದೆಂದು ಇಲ್ಲಿ ತಿಳಿಯುತ್ತದೆ.

ಆಮೇಲೆ ಶೀರ್ಷಿಕೆ ತೆರೆಯಿರಿ, ಅದೇ ದಿನ ತೆಗೆದ ಬೇರೆ ಫೋಟೊಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ದೂರದಿಂದ ತೆಗೆದವುಗಳಲ್ಲಿ ಗುಡಾರ ಕಾಣುತ್ತದೆ. ಪ್ರಸಿದ್ಧ ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಮಾಯ. ಮೂಲದಲ್ಲಿ ಬಲಗಡೆ ಕೆಳಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಹೆಬ್ಬೆರಳೊಂದಿತ್ತು, ನೆಗೆಟಿವ್ ತಿದ್ದಿ ಅದನ್ನು ಅಳಿಸಲಾಯಿತು. ಇನ್ನು ಆ ತಾಯಿಯ ಹೆಸರು: ಶೀರ್ಷಿಕೆಯಲ್ಲಿ ವಯಸ್ಸಿದೆ, ಮಕ್ಕಳ ಲೆಕ್ಕವಿದೆ, ಹೆಸರಿಲ್ಲ. ಅವರು ಅಮೆರಿಕದ ಮೂಲನಿವಾಸಿಗಳಾದ ಚೆರೊಕಿ ಮೂಲದ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಶೀರ್ಷಿಕೆ ಹೇಳದೆ ಬಿಟ್ಟದ್ದೇನೆಂದು ಕೇಳಿಕೊಳ್ಳುವುದನ್ನು ದೃಶ್ಯ ಸಾಕ್ಷರತೆಯ, ಅಂದರೆ ಚಿತ್ರವನ್ನು ಓದಿ ಅರ್ಥಮಾಡಿಕೊಳ್ಳುವುದರ, ಅತಿ ಮುಖ್ಯ ಅಭ್ಯಾಸವೆಂದೇ ಹೇಳಬೇಕು.

ಗ್ರಾಫ್, ನಕ್ಷೆಗಳಿಗೂ ಇದೇ ಎಚ್ಚರ ಬೇಕು. 50 ಮತ್ತು 52ನ್ನು ತೋರಿಸುವ ಕಂಬಗಳ ಅಕ್ಷ 48ರಿಂದ ಶುರುವಾದರೆ ಎರಡನೆಯ ಕಂಬ ಮೊದಲನೆಯದರ ಎರಡರಷ್ಟು ಎತ್ತರ ಕಾಣುತ್ತದೆ, ನಿಜವಾದ ಹೆಚ್ಚಳ ಶೇ 4 ಮಾತ್ರ. ಧ್ರುವಗಳ ಕಡೆಯ ನಾಡುಗಳನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ವಿಶ್ವನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಂಡರೂ ಆಫ್ರಿಕಾ ಅದರ ಸುಮಾರು 14 ಪಟ್ಟು.

ಬಳಸುವಾಗ

ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ 10 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,180 ಪಿಕ್ಸೆಲ್. ಹುಡುಕಾಟದ ಪುಟದಲ್ಲಿ ಕಾಣುವ ಪುಟ್ಟ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗುತ್ತದೆಯೇ ಹೊರತು ವಿವರ ಹುಟ್ಟುವುದಿಲ್ಲ. ದಾಖಲೆಯ ಪುಟಕ್ಕೆ ಹೋಗಿ ದೊಡ್ಡ ಕಡತವನ್ನೇ ಇಳಿಸಿಕೊಳ್ಳಿ.

ಡೇಟಾಬೇಸ್ ತೆರೆದುಕೊಂಡ ಮಾತ್ರಕ್ಕೆ ಪ್ರಕಟಿಸುವ ಹಕ್ಕು ಸಿಗದು. ‘ಹಕ್ಕುಗಳು’ ಸಾಲನ್ನು ಪ್ರತಿ ಚಿತ್ರಕ್ಕೂ ಓದಬೇಕು. ಮೂಲ ಬರೆಯುವಾಗ ‘ಗೂಗಲ್’ ಎನ್ನಬೇಡಿ, ಅದು ಚಿತ್ರದ ಒಡೆಯನಲ್ಲ. ತೆಗೆದವರು, ಶೀರ್ಷಿಕೆ, ವರ್ಷ, ಮಾಧ್ಯಮ, ಸಂಗ್ರಹದ ಹೆಸರು, ದಾಖಲೆ ಸಂಖ್ಯೆ, ಸ್ಥಿರ ಲಿಂಕ್ ಇಷ್ಟೂ ಇರಲಿ. ಕಡತವನ್ನು ಉಳಿಸುವಾಗಲೇ ಹೆಸರಿನಲ್ಲಿ ‘ಲ್ಯಾಂಗ್-1936-ನಿಪೋಮೊ’ ಎಂದು ಬರೆಯಿರಿ. ಪ್ರಬಂಧ ಮುಗಿಸುವ ರಾತ್ರಿ ‘ಇಮೇಜ್ 7’ ಎಲ್ಲಿಂದ ಬಂತೆಂದು ಹುಡುಕುವ ಪಾಡು ತಪ್ಪುತ್ತದೆ.