ಸುರಂಗದ ಕಾಂಟ್ರ್ಯಾಕ್ಟ್ ಸಂಭಾಳಿಸೋದು ಹೇಗೆ: ಸೈಟಿಂದ ಕಾಂಟ್ರ್ಯಾಕ್ಟ್ ಸೆಕ್ಷನ್‌ಗೆ ಹೊಸದಾಗಿ ಬಂದವರಿಗೆ

ಫ್ಲೈಓವರ್, ಬಿಲ್ಡಿಂಗ್ ಕಾಂಟ್ರ್ಯಾಕ್ಟ್ ನೋಡ್ಕೊಂಡಿದ್ದವರು ಅಂಡರ್‌ಗ್ರೌಂಡ್ ಪ್ಯಾಕೇಜಿಗೆ ಬಂದ್ರೆ ಸ್ವಲ್ಪ ದಿನ ತಲೆ ಕೆಡತ್ತೆ. ಬಿಒಕ್ಯೂ (ಕೆಲಸದ ಐಟಂ, ಪ್ರಮಾಣ, ರೇಟಿನ ಪಟ್ಟಿ), ಆರ್‌ಎ ಬಿಲ್ಲು (ಕೆಲಸ ನಡೀತಾ ಇರೋವಾಗ ಕೊಡೋ ರನ್ನಿಂಗ್ ಬಿಲ್ಲು) ಎಲ್ಲಾ ಹಾಗೇ ಇರತ್ತೆ, ಆದ್ರೆ ದೊಡ್ಡ ದುಡ್ಡಿನ ಜಗಳ ಎಲ್ಲಾ ನೆಲದ ಕೆಳಗೆ ಏನು ಸಿಕ್ತು ಅನ್ನೋದರ ಮೇಲೇ. ನಮ್ಮ ಮೆಟ್ರೋ ಪಿಂಕ್ ಲೈನನ್ನೇ ತಗೊಳ್ಳಿ, ಡೇರಿ ಸರ್ಕಲ್ಲಿಂದ ನಾಗವಾರದವರೆಗೆ 13.76 ಕಿಮೀ ನೆಲದಡಿ, 12 ಸ್ಟೇಷನ್, 4 ಪ್ಯಾಕೇಜ್, 9 ಟಿಬಿಎಂ (ಸುರಂಗ ಕೊರೆಯೋ ಮಷಿನ್). ಬೆಂಗಳೂರಲ್ಲಿ ಒಂದೇ ಫೇಸಲ್ಲಿ, ಅಂದ್ರೆ ಕೊರೀತಿರೋ ಎದುರಿನ ಗೋಡೇಲಿ, ಕೆಳಗೆ ಗಟ್ಟಿ ನೈಸ್ (gneiss) ಬಂಡೆ, ಮೇಲೆ ಮಣ್ಣು, ನಡುವೆ ದೊಡ್ಡ ದೊಡ್ಡ ಗುಂಡುಕಲ್ಲು ಬರಬಹುದು, ಸಾಲದ್ದಕ್ಕೆ ಯಾವ ನಕ್ಷೆಯಲ್ಲೂ ಇಲ್ಲದ ಹಳೇ ಬಾವಿ, ಬತ್ತಿಹೋದ ಬೋರ್‌ವೆಲ್ಲು ಬೇರೆ.

ಹಾಗಾಗಿ ಕೈಗೆ ಕಾಂಟ್ರ್ಯಾಕ್ಟ್ ಬಂದ ದಿನ ಜನರಲ್ ಕಂಡೀಷನ್ಸ್ (ಎಲ್ಲಾ ಕೆಲಸಕ್ಕೂ ಒಂದೇ ಥರ ಇರೋ ಷರತ್ತು) ಓದ್ತಾ ಕೂರಬೇಡಿ, ಮೊದ್ಲು ಪರ್ಟಿಕ್ಯುಲರ್ ಕಂಡೀಷನ್ಸ್ (ಈ ಕೆಲಸಕ್ಕೆ ಅಂತ ಅದನ್ನ ತಿದ್ದಿರೋ ಷರತ್ತು) ಓದಿ. ಫಿಡಿಕ್ ಅನ್ನೋ ಅಂತರರಾಷ್ಟ್ರೀಯ ಎಂಜಿನಿಯರ್ ಸಂಘದ ಮಾದರಿ ಕಾಂಟ್ರ್ಯಾಕ್ಟಿನ 4.12, ಅಂದ್ರೆ ಮುಂಚೆ ಊಹಿಸೋಕೆ ಆಗದ ನೆಲದ ಪರಿಸ್ಥಿತಿ ಬಂದ್ರೆ ಟೈಮು ದುಡ್ಡು ಕೇಳಬಹುದು ಅನ್ನೋ ಕ್ಲಾಜು (ಷರತ್ತು), ನಮ್ಮ ಕಡೆ ಟೆಂಡರ್‌ಗಳಲ್ಲಿ ಅದನ್ನ ತಿದ್ದಿ ಎಲ್ಲಾ ರಿಸ್ಕೂ ಕಾಂಟ್ರ್ಯಾಕ್ಟರ್ ತಲೆಗೇ ಕಟ್ಟಿರೋದುಂಟು. 2019ರಲ್ಲಿ ಬಂದ ಫಿಡಿಕ್‌ನ ಎಮರಾಲ್ಡ್ ಬುಕ್ಕು ಸುರಂಗದ ಕೆಲಸಕ್ಕೆ ಅಂತಲೇ ಬರೆದದ್ದು, ಅದರಲ್ಲಿ ಜಿಯೋಟೆಕ್ನಿಕಲ್ ಬೇಸ್‌ಲೈನ್ ರಿಪೋರ್ಟ್ ಅಂತ ಇರತ್ತೆ, ಇಂಥಿಂಥ ನೆಲ ಇಷ್ಟಿಷ್ಟು ಉದ್ದ ಸಿಗತ್ತೆ ಅಂತ ಬರೆದು ಅದರಾಚೆ ಹೋದ್ರೆ ರಿಸ್ಕ್ ಎಂಪ್ಲಾಯರ್‌ದು, ಅಂದ್ರೆ ಕೆಲಸ ಕೊಟ್ಟವರದು. ಹಳೇ ಕಾಂಟ್ರ್ಯಾಕ್ಟಲ್ಲಿ ಬರೀ ಬೋರ್‌ಹೋಲ್ ಡೇಟಾ (ನೆಲ ಪರೀಕ್ಷೆಗೆ ಕೊರೆದ ತೂತುಗಳ ವಿವರ) ಕೊಟ್ಟು, ಇದನ್ನ ನಂಬೋದು ಬಿಡೋದು ನಿಮ್ಮಿಷ್ಟ ಅಂತ ಒಂದು ಸಾಲು ಸೇರಿಸಿರ್ತಾರೆ, ಆ ಸಾಲು ಎಲ್ಲಿದೆ ಅಂತ ಹುಡುಕಿ ಗುರುತು ಹಾಕ್ಕೊಳ್ಳಿ.

ಇನ್ನು ನೋಟಿಸು, ಅಂದ್ರೆ ಕ್ಲೇಮ್ ಮಾಡ್ತೀವಿ ಅಂತ ಎಂಜಿನಿಯರ್‌ಗೆ (ಕ್ಲೈಂಟ್ ಪರ ಕಾಂಟ್ರ್ಯಾಕ್ಟ್ ನೋಡ್ಕೊಳ್ಳೋರಿಗೆ) ಬರೆದು ತಿಳಿಸೋದು. ಘಟನೆ ಗೊತ್ತಾದ ದಿನದಿಂದ, ಅಥವಾ ಗೊತ್ತಾಗಬೇಕಿದ್ದ ದಿನದಿಂದ, 28 ದಿನದೊಳಗೆ ಕೊಡಬೇಕು, ತಪ್ಪಿದ್ರೆ ಕ್ಲೇಮಿನ ಹಕ್ಕೇ ಹೋಗತ್ತೆ. ಪೂರ್ತಿ ವಿವರದ ಕ್ಲೇಮಿಗೆ ಫಿಡಿಕ್‌ನ 1999ರ ಎಡಿಷನ್ನಲ್ಲಿ 42 ದಿನ, 2017ರದ್ದು ಮತ್ತೆ ಎಮರಾಲ್ಡ್ ಬುಕ್ಕಲ್ಲಿ 84. ನಮ್ಮ ಕಾಂಟ್ರ್ಯಾಕ್ಟ್ ಆಕ್ಟಿನ ಸೆಕ್ಷನ್ 28 (ಹಕ್ಕಿಗಾಗಿ ಕೋರ್ಟಿಗೆ ಹೋಗೋದನ್ನ ತಡೆಯೋ ಒಪ್ಪಂದ ನಡೆಯಲ್ಲ ಅನ್ನೋದು) ಇದೆಯಲ್ಲ, ಅದನ್ನ ಹಿಡ್ಕೊಂಡು ಲೇಟಾದ್ರೂ ಹಕ್ಕು ಹೋಗಲ್ಲ ಅಂತ ವಾದ ಮಾಡೋ ವಕೀಲರು ಸಿಗ್ತಾರೆ, ಮಾಡ್ಲಿ, ಆದ್ರೆ ಅದನ್ನ ನಂಬ್ಕೊಂಡು ಲೆಟರ್ ತಡ ಮಾಡೋದು ಬೇಡ. ನೋಟಿಸ್ ಅರ್ಧ ಪುಟ ಇದ್ರೂ ಸಾಕು: ಯಾವ ರಿಂಗ್ (ಸುರಂಗದ ಒಳಗೆ ಜೋಡಿಸೋ ಕಾಂಕ್ರೀಟ್ ಬಳೆ) ನಂಬರ್, ಯಾವತ್ತು, ಏನು ಸಿಕ್ತು, ಯಾವ ಕ್ಲಾಜು. ಲೆಕ್ಕ ಆಮೇಲೆ. ಎಂಜಿನಿಯರ್ ಬೇಜಾರು ಮಾಡ್ಕೋತಾರೆ, ಸಂಬಂಧ ಕೆಡತ್ತೆ ಅಂತ ಪ್ರಾಜೆಕ್ಟ್ ಮ್ಯಾನೇಜರು ತಡೀತಾರೆ, ಅವರಿಗೆ ಹೇಳಿ ಇದು ದೂರಲ್ಲ ಸಾರ್ ಬರೀ ದಾಖಲೆ ಅಂತ.

ಈ ಕೆಲಸದಲ್ಲಿ ನಿಜವಾಗಿ ದುಡ್ಡು ಉಳಿಸೋದು ಶಿಫ್ಟ್ ರಿಪೋರ್ಟು. ಥ್ರಸ್ಟ್ (ಮುಂದೆ ತಳ್ಳೋ ಬಲ), ಟಾರ್ಕ್ (ತಿರುಗಿಸೋ ಬಲ), ಮಷಿನ್ನಿನ ಮುಂದಿನ ಚಕ್ರ ಒಂದು ಸಲ ಸುತ್ತಿದ್ರೆ ಎಷ್ಟು ಮಿಲಿಮೀಟರ್ ಮುಂದೆ ಹೋಯ್ತು, ರಿಂಗಿಗೆ ಎಷ್ಟು ಮಕ್ (ಅಗೆದ ಮಣ್ಣು ಕಲ್ಲು) ಬಂತು, ಆ ಚಕ್ರದ ಯಾವ ಕಟ್ಟರ್ (ಬಂಡೆ ಕತ್ತರಿಸೋ ಭಾಗ) ಸವೀತು, ಒಳಗಿಳಿದು ಬದಲಾಯಿಸೋಕೆ ಎಷ್ಟು ಗಂಟೆ ಹಿಡೀತು, ಎಲ್ಲಾ ಆವತ್ತಿಂದು ಆವತ್ತೇ. ಟಿಬಿಎಂ ಕಂಪ್ಯೂಟರಿನ ಡೇಟಾ ದಿನಾ ಇಳಿಸಿ ಬೇರೆ ಕಡೆ ಇಡಿ, ಕೊರೆಯೋದು ಮುಗಿದು ಮಷಿನ್ ಬಿಚ್ಚಿ ಕಳಿಸಿದ ಮೇಲೆ ಯಾರೂ ಹುಡುಕಿಕೊಡಲ್ಲ. ಫೇಸ್ ನೋಡೋಕೆ ಒಳಗೆ ಹೋದಾಗ ಕ್ಲೈಂಟ್ ಕಡೆ ಜಿಯಾಲಜಿಸ್ಟ್‌ನ ಜೊತೆಗೇ ಕರ್ಕೊಂಡು ಹೋಗಿ ಇಬ್ಬರ ಸಹಿ ಹಾಕಿಸಿ, ಅವರು ಸಹಿ ಹಾಕಲ್ಲ ಅಂದ್ರೆ ಫೋಟೋ ಸಮೇತ ರಾತ್ರೀನೇ ಇ-ಮೇಲ್ ಹಾಕಿ. ಐದು ವರ್ಷ ಆದ್ಮೇಲೆ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ತೀರ್ಪು ಕೊಡೋ ಪಂಚಾಯ್ತಿದಾರ) ಮುಂದೆ ಆ ಇ-ಮೇಲೇ ಮಾತಾಡತ್ತೆ, ಆಗ ನೀವು ಇನ್ನೊಂದು ಕಂಪನೀಲಿ ಇರ್ತೀರಿ.

ಎಕ್ಸ್‌ಟೆನ್ಷನ್ ಆಫ್ ಟೈಮಿಗೆ (ಗಡುವು ಮುಂದಕ್ಕೆ ಹಾಕಿಸೋಕೆ) ಪ್ರೋಗ್ರಾಂ, ಅಂದ್ರೆ ಕೆಲಸದ ವೇಳಾಪಟ್ಟಿ, ಪ್ರತಿ ತಿಂಗಳು ಅಪ್‌ಡೇಟ್ ಮಾಡಿ. ಜಾಗ ಕೊಟ್ಟಿದ್ದು ಲೇಟು, ಮರ ಕಡಿಯೋ ಪರ್ಮಿಷನ್ ಬಂದಿಲ್ಲ, ನೀರಿನ ಪೈಪು ಶಿಫ್ಟ್ ಆಗಿಲ್ಲ, ಟ್ರಾಫಿಕ್ ಡೈವರ್ಷನ್ ಸಿಕ್ಕಿಲ್ಲ, ಇವೆಲ್ಲ ಸ್ಟೇಷನ್ ಬಾಕ್ಸಿಗೆ (ಸ್ಟೇಷನ್ನಿಗೆ ಅಗೆಯೋ ದೊಡ್ಡ ಗುಂಡಿಗೆ) ತಗಲಿ ಅಲ್ಲಿಂದ ಟಿಬಿಎಂ ಇಳಿಸೋ ದಿನಕ್ಕೆ ತಗಲತ್ತೆ. ಅದೇ ಹೊತ್ತಿಗೆ ನಿಮ್ಮ ಮಷಿನ್ನೂ ಲೇಟಾಗಿ ಬಂದಿದ್ರೆ ಕ್ಲೈಂಟ್ ಕಡೆಯವರು ಕಾನ್‌ಕರೆಂಟ್ ಡಿಲೇ (ಇಬ್ಬರದೂ ಒಟ್ಟಿಗೇ ಆದ ತಡ) ಅಂತಾರೆ, ಟೈಮ್ ಕೊಟ್ರೂ ದುಡ್ಡು ಕೊಡಲ್ಲ. ಎರಡನ್ನೂ ಬೇರೆ ಬೇರೆ ತೋರಿಸೋ ಹಾಗೆ ಪ್ರೋಗ್ರಾಂ ಇರ್ಲಿ.

ಬಾಯಿ ಮಾತಲ್ಲಿ ಕೆಲಸ ಹೇಳಿದ್ರೆ ಆವತ್ತೇ ಬರೆದು ಕಳಿಸಿ. ಫಿಡಿಕ್‌ನ 1999ರ ರೆಡ್ ಬುಕ್ಕಲ್ಲಿ ಎರಡು ವರ್ಕಿಂಗ್ ಡೇ ಒಳಗೆ ನೀವು ಬರೆದು, ಎಂಜಿನಿಯರ್ ಎರಡು ವರ್ಕಿಂಗ್ ಡೇಲಿ ಉತ್ತರ ಕೊಡದಿದ್ರೆ ಅದೇ ಲಿಖಿತ ಸೂಚನೆ ಆಗತ್ತೆ. ಸುರಂಗದ ಮೇಲಿನ ಮನೆಗಳ ಸರ್ವೆ ಟಿಬಿಎಂ ಬರೋಕೆ ಮುಂಚೆ ಮುಗಿಸಿ, ಮನೆಯವರ ಸಹಿ ಸಮೇತ, ಇಲ್ಲಾಂದ್ರೆ ಹಳೇ ಬಿರುಕೆಲ್ಲ ನಿಮ್ಮ ಲೆಕ್ಕಕ್ಕೇ.

ಕೊನೇದಾಗಿ ಡಿಸ್ಪ್ಯೂಟ್ ಕ್ಲಾಜು, ಅಂದ್ರೆ ಜಗಳ ಎಲ್ಲಿ ಹೇಗೆ ಬಗೆಹರಿಸೋದು ಅನ್ನೋ ಷರತ್ತು. ಜೂನ್ 2024ರಲ್ಲಿ ಕೇಂದ್ರ ಹಣಕಾಸು ಇಲಾಖೆ ಕೊಟ್ಟ ಗೈಡ್‌ಲೈನ್ ಪ್ರಕಾರ ಸರ್ಕಾರಿ ಕಾಂಟ್ರ್ಯಾಕ್ಟಲ್ಲಿ 10 ಕೋಟಿ ಮೇಲಿನ ವ್ಯಾಜ್ಯಕ್ಕೆ ಆರ್ಬಿಟ್ರೇಷನ್ ಸುಮ್ಮನೆ ಸೇರಿಸೋ ಹಾಗಿಲ್ಲ, ಸುರಂಗದ ಕ್ಲೇಮು 10 ಕೋಟಿ ದಾಟೋದು ಸಾಮಾನ್ಯ. ಹೊಸ ಟೆಂಡರ್ ಆದ್ರೆ ಪ್ರೀ-ಬಿಡ್ ಮೀಟಿಂಗಲ್ಲೇ ಕೇಳಿ, ಆರ್ಬಿಟ್ರೇಷನ್ ಇದೆಯಾ, ಮೀಡಿಯೇಷನ್ (ಮಧ್ಯಸ್ಥರ ಮೂಲಕ ರಾಜಿ) ಮಾತ್ರನಾ, ಡಿಸ್ಪ್ಯೂಟ್ ಬೋರ್ಡನ್ನ (ಜಗಳ ಬಂದಾಗ ನಿರ್ಧಾರ ಕೊಡೋ ತಜ್ಞರ ಸಮಿತೀನ) ಕೆಲಸ ಶುರುವಾದಾಗಲೇ ಕೂರಿಸ್ತಾರಾ ಅಂತ, ಉತ್ತರ ಲಿಖಿತದಲ್ಲಿ ತಗೊಳ್ಳಿ.