ಪಂಪ್‌ಮನೆಯ ಗೋಡೆಗೆ ಸೂಚನಾ ಹಾಳೆ ಬರೆಯುವುದು ಹೇಗೆ

ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಹೊಲದ ಮೋಟರನ್ನು ಇವತ್ತು ಮಾಲೀಕ ಚಾಲೂ ಮಾಡಿದರೆ ನಾಳೆ ಆಳು, ನಾಡಿದ್ದು ಶಾಲೆಗೆ ರಜೆ ಇರುವ ಮಗ. ಸ್ಟಾರ್ಟರ್ ಪಕ್ಕದ ಹಾಳೆ ಈ ಮೂವರಿಗೂ ಒಂದೇ ಅರ್ಥ ಕೊಡಬೇಕು.

ಕೈ ಕೆಲಸ ಮಾಡುವ ಕ್ರಮದಲ್ಲೇ ಮಾತು ಬರಲಿ. ‘ಹಸಿರು ಬಟನ್ ಒತ್ತುವ ಮುನ್ನ ಪಂಪಿಗೆ ನೀರು ತುಂಬಿ’ ಎಂಬುದರಲ್ಲಿ ವ್ಯಾಕರಣ ಸರಿಯಿದೆ, ಆದರೆ ಕಣ್ಣಿಗೆ ಮೊದಲು ಬೀಳುವುದು ಬಟನ್, ಬೆರಳೂ ಅಲ್ಲಿಗೇ ಹೋಗುತ್ತದೆ. ಒಡೆದು ಬರೆಯಿರಿ:

1. ಮೇಲಿನ ತೂತಿನಿಂದ ಉಕ್ಕುವವರೆಗೆ ಪಂಪಿಗೆ ನೀರು ತುಂಬಿ.
2. ನೀರು ಕೆಳಗಿಳಿಯುತ್ತಿದ್ದರೆ ಫುಟ್‌ವಾಲ್ವ್ (ಪೈಪಿನ ತಳದಲ್ಲಿ ನೀರು ವಾಪಸ್ ಹೋಗದಂತೆ ತಡೆಯುವ ವಾಲ್ವ್) ಸೋರುತ್ತಿದೆ. ಚಾಲೂ ಮಾಡಬೇಡಿ.
3. ತೂತಿನ ಬಿರಡೆ ಬಿಗಿ ಮಾಡಿ.
4. ಕೈ ಒರೆಸಿಕೊಂಡು ಹಸಿರು ಬಟನ್ ಒತ್ತಿ.

‘ಸಾಕಷ್ಟು ನೀರು’ ಎಂದರೆ ಒಬ್ಬರಿಗೆ ಒಂದು ಚೊಂಬು, ಇನ್ನೊಬ್ಬರಿಗೆ ಒಂದು ಕೊಡ. ‘ಉಕ್ಕುವವರೆಗೆ’ ಎಂದರೆ ವಾದವಿಲ್ಲ. ಗಾಳಿ ಉಳಿದರೆ ಪಂಪ್ ನೀರು ಎಳೆಯದು, ಒಣಗಿ ತಿರುಗಿ ಸೀಲ್ ಸುಡುತ್ತದೆ. ಈ ಕಾರಣವನ್ನೂ ಅರ್ಧ ಸಾಲಿನಲ್ಲಿ ಬರೆಯಿರಿ. ಕಾರಣ ಗೊತ್ತಿದ್ದವರು ಹಂತ ಬಿಡುವುದು ಕಡಿಮೆ.

ಅಂಕಿಯ ಜೊತೆ ಹೊತ್ತನ್ನೂ ಕೊಡಿ. ‘ಆಂಪಿಯರ್ ಮೀಟರಿನ ಮುಳ್ಳು 7.5 ಆಂಪಿಯರ್ ದಾಟಿದರೆ ಬಂದ್ ಮಾಡಿ’ ಎಂದಷ್ಟೇ ಬರೆದರೆ ಮೋಟರ್ ಎಂದೂ ಚಾಲೂ ಆಗದು. ಶುರುವಿನಲ್ಲಿ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಮುಳ್ಳು ಜಿಗಿದೇ ಜಿಗಿಯುತ್ತದೆ. ‘ಚಾಲೂ ಆಗಿ 10 ಸೆಕೆಂಡ್ ಕಳೆದ ಮೇಲೂ ದಾಟಿದ್ದರೆ’ ಎಂದು ಸೇರಿಸಿ. ಆಂಪಿಯರ್ ಅಂಕಿಯನ್ನು ನಿಮ್ಮ ಮೋಟರಿನ ನೇಮ್‌ಪ್ಲೇಟ್ ನೋಡಿಯೇ ಹಾಕಿ, ಪಕ್ಕದ ಹೊಲದ ಹಾಳೆಯಿಂದಲ್ಲ.

ಅಪಾಯದ ಮಾತು ಹಂತಕ್ಕಿಂತ ಮೇಲಿರಲಿ, ಲಕ್ಷಣದಿಂದ ಶುರುವಾಗಲಿ: ‘ಮೋಟರ್ ಗುಂಯ್‌ಗುಟ್ಟಿ ತಿರುಗದಿದ್ದರೆ ಕೂಡಲೇ ಕೆಂಪು ಬಟನ್ ಒತ್ತಿ. ಮೂರು ಫೇಸ್‌ಗಳಲ್ಲಿ (ಕರೆಂಟ್ ಲೈನುಗಳಲ್ಲಿ) ಒಂದು ಹೋಗಿರಬಹುದು, ಕಾಯಿಲ್ ಸುಡುತ್ತದೆ.’ ಮೋಟರ್ ಟ್ರಿಪ್ ಆದಾಗ, ಅಂದರೆ ತಾನೇ ಬಂದ್ ಆದಾಗ, ಏನು ಮಾಡಬೇಕೆಂಬುದಕ್ಕೂ ಒಂದು ಸಾಲು ಬೇಕು: ರಿಲೇ (ಕರೆಂಟ್ ಹೆಚ್ಚಾದರೆ ಮೋಟರ್ ಬಂದ್ ಮಾಡುವ ಸಾಧನ) ತಣ್ಣಗಾಗಲು ಬಿಟ್ಟು ಒಮ್ಮೆ ರಿಸೆಟ್ ಮಾಡಿ, ಮತ್ತೆ ಟ್ರಿಪ್ ಆದರೆ ಮೆಕ್ಯಾನಿಕ್‌ನನ್ನು ಕರೆಯಿರಿ.

ಒಂದು ವಸ್ತುವಿಗೆ ಒಂದೇ ಹೆಸರು. ಮೇಲೆ ಬಟನ್, ಕೆಳಗೆ ಗುಂಡಿ ಬೇಡ. ಬಾವಿ ಪಕ್ಕದಲ್ಲಿ ‘ಗುಂಡಿ’ ಎಂದರೆ ಜನ ನೆಲ ನೋಡುತ್ತಾರೆ! ‘ಒತ್ತತಕ್ಕದ್ದು’, ‘ಒತ್ತಲ್ಪಡಬೇಕು’ ಕಚೇರಿಗೆ ಇರಲಿ, ಇಲ್ಲಿ ‘ಒತ್ತಿ’ ಸಾಕು. ಚಾಲೂ, ಬಂದ್ ಎಂದು ನಮ್ಮ ಕಡೆ ಆಡುವಂತೆಯೇ ಬರೆಯಿರಿ.

ಅಂಟಿಸುವ ಮುಂಚೆ ಮೇನ್ ಬಂದ್ ಮಾಡಿ, ಮೋಟರ್ ಮುಟ್ಟದವರೊಬ್ಬರ ಕೈಗೆ ಹಾಳೆ ಕೊಟ್ಟು ಅದರಂತೆ ಮಾಡಲು ಹೇಳಿ. ಬಾಯಿ ಬಿಡಬೇಡಿ. ಅವರು ತಡವರಿಸಿದ ಸಾಲಿಗೆ ಗುರುತು ಹಾಕಿ ತಿದ್ದಿ. ಮೂಲೆಯಲ್ಲಿ ತಾರೀಖು, ಮೋಟರಿನ ಎಚ್‌ಪಿ ಬರೆದಿಡಿ. ಮೋಟರ್ ಬದಲಾದ ದಿನವೇ ಹಳೇ ಹಾಳೆ ಕಿತ್ತುಹಾಕಿ.